ಮಾಗಡಿ ರಸ್ತೆಯಲ್ಲಿ ನನಗೊಂದು ಕಲ್ಲು

ಲಾರಿ ಹೊಡೆದ ಮನುಷ್ಯ ಒಂದೋ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ, ಇಲ್ಲವೋ ಬರುವುದಿಲ್ಲ. ನಾನು ಎರಡನ್ನೂ ಮಾಡಿದವನು. ಎಪ್ಪತ್ತರ ದಶಕದಲ್ಲಿ ಪರಿಹಾರಕ್ಕೆಂದು ಅಲೆದ ಒಂದೂವರೆ ವರ್ಷ ನನಗೆ ಇಂಥವು ಒಂದರ ಹಿಂದೊಂದು ನಡೆಯುತ್ತಲೇ ಇದ್ದವು. ಈಗ ಹೇಳುವಾಗ ನಗು ಬರುತ್ತದೆ. ಆಗ ಮೈ ಜುಮ್ಮೆನ್ನುತ್ತಿತ್ತು.

ರಾಜಾಜಿನಗರದ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಒಂದು ಮಂಗಳವಾರ ಸಂಜೆ ಬಣ್ಣದ ಡಬ್ಬಿಗಳ ಚೀಲ ಹಿಡಿದು ಕಾಮಾಕ್ಷಿಪಾಳ್ಯದ ಹತ್ತಿರ ಮಾಗಡಿ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಹಾರ್ನ್ ಕೇಳಿತು. ಅದರ ಮುಂದಿನ ನೆನಪೆಂದರೆ ಆಸ್ಪತ್ರೆಯ ಚಾವಣಿ, ಅದರ ಮೇಲೊಂದು ಹಲ್ಲಿ. ನಡುವಿನ ಎರಡು ದಿನ ನನ್ನ ಹತ್ತಿರ ಇಲ್ಲ. ಎಲ್ಲಿಗೆ ಹೋದವು ಅಂತ ಯೋಚಿಸಿದರೆ ಇವತ್ತಿಗೂ ಹೆದರಿಕೆಯಾಗುತ್ತದೆ.

ನಕ್ಷೆ

ನಮ್ಮ ಲಾಯರು ಬಸವೇಶ್ವರನಗರದವರು. ಇನ್ನೂ ಚಿಕ್ಕ ವಯಸ್ಸು, ಮಾತು ಮಾತ್ರ ಅನುಭವಸ್ಥರದು. ಪೊಲೀಸರು ಬರೆದ ಅಪಘಾತದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ರಸ್ತೆಗೆ ಎರಡು ಗೆರೆ, ಲಾರಿಗೆ ಒಂದು ಡಬ್ಬ. ಎರಡು ಗೆರೆಗಳ ನಟ್ಟನಡುವೆ ಒಂದು ಸೊನ್ನೆ, ಅದಕ್ಕೆ ನಾಲ್ಕು ಕಡ್ಡಿ.

"ಇದು ನಾನಾ?" ಎಂದೆ.

"ನೀವೇ ಸಾರ್."

"ತಲೆ ಅನ್ನೋದು ಮೈಯ ಏಳನೇ ಒಂದು ಭಾಗ ಇರ್ಬೇಕ್ರೀ. ಇದರಲ್ಲಿ ಅರ್ಧ ಮನುಷ್ಯ ತಲೆಯೇ!"

"ತಲೆ ಹಾಗಿರ್ಲಿ ಸಾರ್. ನಿಮ್ಮನ್ನ ರಸ್ತೆ ಮಧ್ಯೆ ಮಲಗಿಸಿದಾರೆ ನೋಡಿ. ಮಧ್ಯೆ ಬಿದ್ದಿದ್ರೆ ತಪ್ಪು ನಿಮ್ದು, ಪರಿಹಾರ ಮರೆತುಬಿಡಿ. ಅಂಚಿನ ಮಣ್ಣಲ್ಲಿ ಬಿದ್ದಿದ್ರೆ ತಪ್ಪು ಲಾರೀದು. ನೀವು ಎಲ್ಲಿ ಬಿದ್ರಿ?"

ಅದೇ ನನಗೆ ಗೊತ್ತಿರಲಿಲ್ಲ. ಎಡಗಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಇನ್ನೊಂದು ಆಪರೇಷನ್ ಆಗದಿದ್ದರೆ ಬೋರ್ಡಿನ ಮುಂದೆ ನಿಲ್ಲುವ ಹಾಗಿರಲಿಲ್ಲ, ನಿಲ್ಲಲಾರದ ಮೇಷ್ಟ್ರನ್ನು ಶಾಲೆಯವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಪರಿಹಾರ ಬಾರದೆ ಆಪರೇಷನ್ ಮಾಡಿಸುವ ಶಕ್ತಿ ನನಗಿರಲಿಲ್ಲ. ಒಟ್ಟಿನಲ್ಲಿ ನನ್ನ ಅನ್ನ ಆ ಸೊನ್ನೆ ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ ನಿಂತಿತ್ತು.

"ಕಣ್ಣಾರೆ ನೋಡಿದೋರನ್ನ ಹುಡುಕಿ ಸಾರ್" ಎಂದರು ಲಾಯರು. ಹೊರಡುವಾಗ ನನಗೆ ತಡೆಯಲಾಗಲಿಲ್ಲ. ಪೆನ್ಸಿಲ್ ತೆಗೆದು ನನ್ನ ಎಡಗೈಯನ್ನಾದರೂ ನೆಟ್ಟಗೆ ಮಾಡೋಣವೆಂದು ನಕ್ಷೆಯ ಮೇಲೆ ಬಗ್ಗಿದೆ. ಲಾಯರು ಹೌಹಾರಿ ಕಾಗದ ಕಸಿದುಕೊಂಡರು.

"ಸಾರ್, ಅದು ಸರ್ಕಾರಿ ದಾಖಲೆ! ಹೇಗೆ ಬಿದ್ದಿದೀರೋ ಹಾಗೇ ಬಿದ್ದಿರಿ!"

ಕಲ್ಲು

ಮೂರು ತಿಂಗಳ ಆಸ್ಪತ್ರೆವಾಸ ಮುಗಿದು ಒಂದು ವಾರವಾಗಿತ್ತಷ್ಟೆ. ಬಿಳೀ ಜುಬ್ಬ ಹಾಕಿಕೊಂಡು, ಹೊಸದಾಗಿ ಕೊಂಡ ಕೋಲು ಊರಿಕೊಂಡು, ಒಂದು ಸಂಜೆ ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಳಿದೆ. ರಸ್ತೆಯ ಪಕ್ಕ ಒಂದು ಹುಣಸೆ ಮರ, ಅದರಾಚೆ ಒಂದು ಟೀ ಅಂಗಡಿ. ವರ್ಕ್‌ಶಾಪುಗಳ ಸದ್ದು ಅಲ್ಲಿಯವರೆಗೆ ಕೇಳಿಸುತ್ತಿತ್ತು, ಮರದ ಕೆಳಗೆ ಬಂದ ಕೂಡಲೇ ಯಾಕೋ ಸಣ್ಣಗಾಯಿತು.

ಮರದ ಬುಡದಲ್ಲಿ, ರಸ್ತೆಯಂಚಿನ ಮಣ್ಣಲ್ಲಿ, ಒಂದು ಕಲ್ಲು ನೆಟ್ಟಿದ್ದರು. ಅರಿಸಿನ, ಕುಂಕುಮ, ಕುಯ್ದ ನಿಂಬೆಹಣ್ಣು, ಬಾಡಿದ ಕಣಗಿಲೆ ಹೂವು. ಕಲ್ಲಿನ ಮುಂದೆ ಒಂದೇ ಒಂದು ಎಡಗಾಲಿನ ಚಪ್ಪಲಿ. ಚಪ್ಪಲಿಗೂ ಕುಂಕುಮ ಇಟ್ಟಿದ್ದರು. ಹೆಬ್ಬೆರಳಿನ ಪಟ್ಟಿಯ ಮೇಲೆ ನೀಲಿ ಬಣ್ಣದ ಒಂದು ಕಲೆ ಇತ್ತು. ಆ ಕಲೆ ಯಾವಾಗ ಬಿತ್ತು, ಯಾವ ಡಬ್ಬಿಯಿಂದ ಬಿತ್ತು ಎಂದು ನನಗೆ ಗೊತ್ತಿತ್ತು. ಅದರ ಜೋಡಿ ನಮ್ಮ ಮನೆಯ ಮಂಚದ ಕೆಳಗಿತ್ತು.

ಟೀ ಅಂಗಡಿಯವನು ನನಗೆ ಬೆನ್ನು ಮಾಡಿಕೊಂಡು ಲೋಟ ತೊಳೆಯುತ್ತಿದ್ದ. "ಈ ಕಲ್ಲು ಯಾರದಪ್ಪಾ?" ಎಂದು ಕೇಳಿದೆ.

"ಯಾರೋ ಮೇಷ್ಟ್ರಂತೆ ಸಾರ್, ಲಾರಿ ಹೊಡೀತು" ಎಂದ, ತಿರುಗದೆ. "ಬಣ್ಣ ಎಲ್ಲ ಚೆಲ್ಲೋಗಿತ್ತು. ಅಲ್ಲೇ ಜೀವ ಹೋಯ್ತು. ನಾನೇ ಮುಖದ ಮೇಲೆ ಟವೆಲ್ ಮುಚ್ಚಿ ವ್ಯಾನಿಗೆ ಎತ್ತಾಕಿದ್ದು. ಜೀವ ಹೋದ ಜಾಗದಲ್ಲಿ ಕಲ್ಲು ಇಡದಿದ್ರೆ ಗಾಳಿ ನಿಲ್ಲಲ್ಲ, ಸೀದಾ ಅಂಗಡಿ ಒಳಗೇ ಬರತ್ತೆ."

"ಕಣ್ಣಾರೆ ನೋಡಿದ್ಯಾ?"

"ಅವತ್ತೂ ನೋಡ್ದೆ, ಈಗ್ಲೂ ನೋಡ್ತೀನಿ. ಮೂರು ತಿಂಗಳಿಂದ ಪ್ರತಿ ಮಂಗಳವಾರ ಸಂಜೆ ಬಂದು ಆ ಮರದ ಕೆಳಗೆ ನಿಂತ್ಕೋತಾರೆ. ಬಿಳೀ ಜುಬ್ಬ, ಕೈಲೊಂದು ಕೋಲು."

ಮೂರು ತಿಂಗಳು ನಾನು ಮಂಚ ಬಿಟ್ಟು ಇಳಿದಿರಲಿಲ್ಲ. ಕೋಲು ಕೊಂಡು ನಾಲ್ಕು ದಿನವಾಗಿತ್ತು.

ಅವನು ಲೋಟ ಒರೆಸುತ್ತಾ ತಿರುಗಿದ. ನನ್ನ ಮುಖ ನೋಡಿದ, ಜುಬ್ಬ ನೋಡಿದ, ಕೋಲು ನೋಡಿದ. ಕೊನೆಗೆ ನನ್ನ ಕಾಲು ನೋಡಿದ. ಲೋಟ ಕೈಜಾರಿ ಒಡೆಯಿತು. ಕೈಮುಗಿದುಕೊಂಡೇ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಮುಚ್ಚಿದ. ಕೊನೆಯ ಹಲಗೆಯ ಸಂದಿಯಿಂದ ಅವನ ದನಿ ಮಾತ್ರ ಬಂತು.

"ತಪ್ಪಾಯ್ತು ಸಾರ್. ಇವತ್ತು ಮಂಗಳವಾರ ಅನ್ನೋದೇ ಮರೆತೋಗಿತ್ತು."

ಕಾಲು

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಆಸ್ಪತ್ರೆಗೆ ನಾನು ಮಂಗಳವಾರ ದೇವಸ್ಥಾನ ಮುಗಿಸ್ಕೊಂಡು ಸಂಜೆ ಬರ್ತಿದ್ನಲ್ಲ" ಎಂದಳು. "ಮಿಕ್ಕ ದಿನ ಕಾಲಿನ ಸಪ್ಪಳಕ್ಕೇ ಕಣ್ಣು ಬಿಡ್ತಿದ್ರಿ. ಮಂಗಳವಾರ ಮಾತ್ರ ಎಷ್ಟು ಕೂಗಿದ್ರೂ ಏಳ್ತಿರ್ಲಿಲ್ಲ. ಕೈ ತಣ್ಣಗಿರೋದು. ಎಲ್ಲೋ ಹೋಗಿದೀರಿ ಅನ್ನಿಸೋದು."

"ಇದನ್ನ ಮುಂಚೆ ಯಾಕೆ ಹೇಳ್ಲಿಲ್ಲ?"

"ವಾಪಸ್ ಬರ್ತಿದ್ರಲ್ಲ, ಅದಕ್ಕೆ."

ಮರುದಿನ ಬೆಳಿಗ್ಗೆಯಿಂದ ಅವಳು ನನ್ನ ಕಾಲುಗಳನ್ನೇ ನೋಡಲು ಶುರುಮಾಡಿದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಎಡಪಾದ ಆಗಲೇ ಮುಕ್ಕಾಲು ಭಾಗ ಹೊರಕ್ಕೆ ತಿರುಗಿತ್ತು. ನಾನು ಬಚ್ಚಲಿಗೆ ಹೋದರೆ ಬಾಗಿಲವರೆಗೆ ಬಂದು ಒದ್ದೆ ಹೆಜ್ಜೆಗಳನ್ನು ನೋಡಿ ಹೋಗುತ್ತಿದ್ದಳು. ಮೂರನೆಯ ದಿನ ನನಗೆ ಸಿಟ್ಟು ಬಂತು.

"ಏನೇ ಅದು, ಹಾಗೆ ನೋಡೋದು? ಅನುಮಾನ ಇದ್ರೆ ನೇರವಾಗಿ ಕೇಳು!"

ಅವಳು ಸಮಾಧಾನದಿಂದ ಕಾಫಿ ಲೋಟ ಮುಂದಿಟ್ಟಳು. "ಎಲ್ಲ ಯೋಚನೆ ಮಾಡಿದೀನಿ. ಬಲಗಾಲು ನೆಟ್ಟಗಿದೆ. ಅರ್ಧಂಬರ್ಧ ದೆವ್ವ ಅಂತ ಎಲ್ಲೂ ಇಲ್ಲ ಬಿಡಿ, ಕುಡೀರಿ."

ಟೀ

ಕಲ್ಲಿನ ವಿಷಯ ಕೇಳಿ ಲಾಯರು ಕುರ್ಚಿಯಿಂದ ಎದ್ದೇಬಿಟ್ಟರು. "ಮಣ್ಣಲ್ಲಿದೆಯಾ ಸಾರ್? ಮಣ್ಣಲ್ಲೇ ತಾನೇ?" ಎಂದು ಮೂರು ಸಲ ಕೇಳಿ ನನ್ನನ್ನು ಕಾಮಾಕ್ಷಿಪಾಳ್ಯಕ್ಕೆ ಎಳೆದುಕೊಂಡು ಹೋದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಟೀ ಅಂಗಡಿಯವನು ನನ್ನ ಕಡೆ ತಪ್ಪಿಯೂ ನೋಡದೆ ಅವರನ್ನು ಕೇಳಿದ.

"ಅವರಿಗೆ ಏನ್ ಬೇಕಂತೆ ಸಾರ್?"

"ಇಲ್ಲೇ ಇದಾರಲ್ಲಪ್ಪ, ನೀನೇ ಕೇಳು."

"ಬ್ಯಾಡ ಸಾರ್. ಮಾತಾಡ್ಸಿದ್ರೆ ಮನೆವರೆಗೂ ಬರ್ತಾರೆ."

ನಾನು ಬದುಕಿದ್ದೇನೆಂದು ಲಾಯರು ಅರ್ಧ ಗಂಟೆ ವಾದಿಸಿದರು. ಅದು ಅವರು ಸೋತ ಮೊದಲ ಕೇಸು. ಕೊನೆಗೆ, ಕೇಳುತ್ತಿರುವುದು ಸತ್ತ ಮೇಷ್ಟ್ರೇ ಎಂಬ ಒಂದೇ ಕಾರಣಕ್ಕೆ, ಅವನು ಸಾಕ್ಷಿಗೆ ಒಪ್ಪಿದ. ನನ್ನ ಮಾತು ತೆಗೆದುಹಾಕುವ ಧೈರ್ಯ ಅವನಿಗಿರಲಿಲ್ಲ.

ಒಪ್ಪಿದ ಮೇಲೆ ಎರಡು ಟೀ ಮಾಡಿದ. ಒಂದನ್ನು ಲಾಯರ ಕೈಗೆ ಕೊಟ್ಟ. ಇನ್ನೊಂದನ್ನು ತೆಗೆದುಕೊಂಡು ಹೋಗಿ ಕಲ್ಲಿನ ಮುಂದೆ ಇಟ್ಟು ಬಂದ. ಬಿಸಿಲಿನಲ್ಲಿ ಬಂದಿದ್ದೆ, ಬಾಯಾರಿತ್ತು. ಕುಂಟುತ್ತಾ ಹೋಗಿ, ಕಷ್ಟಪಟ್ಟು ಬಗ್ಗಿ, ಲೋಟ ಎತ್ತಿಕೊಂಡು ಕುಡಿದೆ. ಅವನು ಲಾಯರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ನೋಡಿದ್ರಾ ಸಾರ್? ದಿನಾ ಇಡ್ತೀನಿ, ದಿನಾ ಖಾಲಿ ಆಗತ್ತೆ. ಯಾರು ಕುಡೀತಾರೆ ಅಂತ ಇವತ್ತು ಗೊತ್ತಾಯ್ತು."

ಸಾಕ್ಷಿ

ವಿಚಾರಣೆಯ ದಿನ ಅವನು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಕಲ್ಲು ರಸ್ತೆಯಿಂದ ನಾಲ್ಕು ಹೆಜ್ಜೆ ಆಚೆ, ಮಣ್ಣಲ್ಲಿದೆ ಎಂದು ನಮ್ಮ ಲಾಯರಿಗೆ ಚೆನ್ನಾಗಿಯೇ ಹೇಳಿದ. ಆಮೇಲೆ ಲಾರಿಯ ಇನ್ಶೂರೆನ್ಸ್ ಕಡೆಯ ಲಾಯರು ಪಾಟೀಸವಾಲಿಗೆ ಎದ್ದರು.

"ಮನುಷ್ಯ ಬಿದ್ದಿದ್ದು ರಸ್ತೆ ಮಧ್ಯೆ. ಅಲ್ಲಿ ಕಲ್ಲು ಇಡೋಕಾಗಲ್ಲ ಅಂತ ಅನುಕೂಲಕ್ಕೆ ಅಂಚಲ್ಲಿ ಇಟ್ಟೆ. ಅಲ್ವಾ?"

ಅವನಿಗೆ ಅವಮಾನವಾಯಿತು. "ಅದು ಹೆಂಗಾಗತ್ತೆ ಸಾರ್? ಜೀವ ಹೋದ ಕಡೇಲೇ ಇಡ್ಬೇಕು. ಒಂದು ಮೊಳ ಆಚೆಈಚೆ ಆದ್ರೂ ಅದು ಒಪ್ಪಲ್ಲ. ನನಗೂ ಹೆಂಡ್ತಿ ಮಕ್ಳಿದಾರೆ."

ಜಡ್ಜು ತಲೆಯೆತ್ತಿದರು. "ಕಲ್ಲು ಇಟ್ಟಿದ್ದು ಯಾವತ್ತು?"

"ಅವತ್ತೇ ಸಂಜೆ ಸ್ವಾಮಿ. ರಕ್ತ ಒಣಗೋಕೆ ಮುಂಚೆ."

ಜಡ್ಜು ಬರೆದುಕೊಂಡರು. ನನ್ನೆದೆ ಹಗುರಾಯಿತು. ಕೇಸು ಅನ್ನುವುದೇ ಹುಟ್ಟದ ಹೊತ್ತಿನಲ್ಲಿ ಒಬ್ಬ ಮನುಷ್ಯ ಭಯಕ್ಕೆ ಇಟ್ಟ ಕಲ್ಲು ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ಹೊಳೆದಿತ್ತು. ಆದರೆ ಇನ್ಶೂರೆನ್ಸ್ ಲಾಯರು ಬಿಡುವವರಲ್ಲ.

"ಹಾಗಾದ್ರೆ ಆ ಸತ್ತ ಮನುಷ್ಯ ಈಗ ಈ ಕೋರ್ಟಲ್ಲಿ ಇದಾನಾ?"

"ಇದಾರೆ ಸಾರ್. ಆ ಬೆಂಚಲ್ಲಿ ಎರಡನೆಯವರು."

ಬೆಂಚಿನ ಮೊದಲನೆಯವರೂ ಮೂರನೆಯವರೂ ಎದ್ದು ಹೋದರು. ನಾನೊಬ್ಬನೇ ಉಳಿದೆ. ಅಷ್ಟು ಜನ ಒಟ್ಟಿಗೆ ನನ್ನ ಪಾದ ನೋಡುತ್ತಿದ್ದಾಗ ನನಗೇ ಒಂದು ಕ್ಷಣ ಗಟ್ಟಿಯಾಗಿ ಹೇಳಲು ಬರಲಿಲ್ಲ, ನಾನು ಬದುಕಿದ್ದೇನೆಂದು.

"ಇಂಥವನ ಸಾಕ್ಷ್ಯ ನಂಬೋದು ಹೇಗೆ ಸ್ವಾಮಿ?" ಎಂದು ಆ ಲಾಯರು ಗೆದ್ದವರಂತೆ ಕೂತರು. ಆಪರೇಷನ್ನೂ ಹೋಯಿತು, ಕೆಲಸವೂ ಹೋಯಿತು ಎಂದು ನಾನು ಕಣ್ಣುಮುಚ್ಚಿಕೊಂಡೆ.

ಹೋಗಲಿಲ್ಲ. ತಿಂಗಳೊಳಗೆ ತೀರ್ಪು ನನ್ನ ಕಡೆಗೇ ಬಂತು, ಆಪರೇಷನ್ನೂ ಆಯಿತು, ರಿಟೈರಾಗುವವರೆಗೂ ಬೋರ್ಡಿನ ಮುಂದೆ ಎರಡು ಕಾಲಲ್ಲೂ ನಿಂತೆ. ಕಲ್ಲಿನಿಂದ ಗೆದ್ದೆವೆಂದು ನಾನು ಹೇಳುತ್ತೇನೆ. ನಮ್ಮ ಲಾಯರು ಒಪ್ಪುವುದಿಲ್ಲ. ಅಷ್ಟು ಬೇಗ ತೀರ್ಪು ಬಂದದ್ದು ಸಾಕ್ಷಿಯ ಕೊನೆಯ ಮಾತಿನಿಂದ ಎನ್ನುತ್ತಾರೆ. ಇನ್ನೇನಾದರೂ ಹೇಳುವುದಿದೆಯೇ ಎಂದು ಜಡ್ಜು ಕೇಳಿದಾಗ ಅವನು ಕೈಮುಗಿದು, ಅಳುವ ದನಿಯಲ್ಲಿ ಬೇಡಿಕೊಂಡಿದ್ದ.

"ಒಂದೇ ಮಾತು ಸ್ವಾಮಿ. ಇವರಿಗೆ ಬರ್ಬೇಕಾದ್ದನ್ನ ಬೇಗ ಕೊಟ್ಬಿಡಿ. ಪರಿಹಾರದ ಆಸೆ ಇಟ್ಕೊಂಡು ಹೋಗಿರೋ ಜೀವ ಇದು. ಕೈಗೆ ಸಿಗೋವರೆಗೂ ನನ್ನ ಅಂಗಡಿ ಮುಂದಿಂದ ಕದಲಲ್ಲ."