ತಾರಸಿ ಮೇಲಿನ ಎರಡು ಸೀರೆ

ಗುರುಬಸಮ್ಮ ಚಪ್ಪಲಿ ಮೆಟ್ಟುತ್ತಾ ಗಂಡನಿಗೆ ಹೇಳಿದ್ದು ಇಷ್ಟೇ: "ತಾರಸಿ ಮೇಲೆ ಸಂಡಿಗೆ ಇಟ್ಟಿದೀನಿ. ಮೋಡ ಆದ್ರೆ ಸೀರೆ ಸಮೇತ ಎತ್ಕೊಂಡ್ ಬಂದ್ಬಿಡಿ. ರಂಜಿನಿಗೆ ಕಳಿಸ್ಬೇಕು, ನೆನಪಿರ್ಲಿ."

ಮಲ್ಲಿಕಾರ್ಜುನಯ್ಯನವರು ಪೇಪರಿನ ಹಿಂದಿನಿಂದಲೇ "ಹೂಂ" ಎಂದರು. ಎಡವಟ್ಟು ಶುರುವಾದದ್ದೇ ಆ "ಹೂಂ"ನಿಂದ.

ಮಗಳು ಶಿವರಂಜಿನಿ ಬಸುರಿ. ಅನ್ನ ಕಂಡರೆ ವಾಕರಿಸುವ ಹುಡುಗಿ ಬಾಯಿಬಿಟ್ಟು ಕೇಳಿದ್ದು ಅಮ್ಮನ ಕೈಯ ಸಂಡಿಗೆಯೊಂದನ್ನೇ. ಅದಕ್ಕಾಗಿ ಗುರುಬಸಮ್ಮ ರಟ್ಟೆ ನೋಯಿಸಿಕೊಂಡು ಹಿಟ್ಟು ತೊಳಸಿದ್ದರು. ಈಗ ಎನ್.ಆರ್. ಕಾಲೋನಿಯಲ್ಲಿ ಬೀಗರ ಗೃಹಪ್ರವೇಶಕ್ಕೆ ಹೊರಟಿದ್ದರು.

ಏಪ್ರಿಲ್ ಬಿಸಿಲಿಗೆ ಚಾಮರಾಜಪೇಟೆ ಕಾವಲಿಯಂತೆ ಕಾದಿತ್ತು. ಮಧ್ಯಾಹ್ನ ಒಂದು ಮೋಡ ಅಡ್ಡ ಬಂತು. ಅಯ್ಯನವರು ಮೆಟ್ಟಿಲು ಹತ್ತಿದರೆ, ಮಹಡಿ ಬಾಡಿಗೆಯ ಮನೋಹರ್ ಫೋನ್ ಹಿಡಿದು ಅಡ್ಡ ನಿಂತ.

"ಸಂಡಿಗೆ ಎತ್ತೋಕಾ ಸಾರ್? ಅದು ವೈಟ್‌ಫೀಲ್ಡ್ ಮೋಡ. ರೇಡಾರ್ ನೋಡಿ, ನಮ್ ಕಡೆ ಒಂದ್ ಹನಿನೂ ಇಲ್ಲ."

ನಿಜಕ್ಕೂ ಬಿಸಿಲು ಬಂತು. ಮತ್ತೆ ಮೋಡ, ಮತ್ತೆ ಮೆಟ್ಟಿಲು, ಮತ್ತೆ ಮನೋಹರ್, ಮತ್ತೆ ಬಿಸಿಲು. ಮಂಡಿ ನೋವು ಬಂದದ್ದೇ ಲಾಭ. ಮುಂದಿನ ಮೋಡಕ್ಕೆ ಅಯ್ಯನವರು ಏಳಲೇ ಇಲ್ಲ, ಗೊರಕೆ ಹೊಡೆದರು.

ಎಬ್ಬಿಸಿದ್ದು ಗುಡುಗು. ಪಂಚೆ ಎತ್ತಿಕೊಂಡು ತಾರಸಿಗೆ ಓಡಿದರೆ ಗಾಳಿ ಆಳನ್ನೇ ತಳ್ಳುತ್ತಿತ್ತು. ಗೋಲಿ ಗಾತ್ರದ ಆಲಿಕಲ್ಲು ಬೋಳುತಲೆಯ ಮೇಲೆ ಟಪಟಪನೆ ಬಿತ್ತು. ನೋಡುತ್ತಾರೆ, ಅಲ್ಲಿ ಎರಡು ಸೀರೆ, ಎರಡರ ತುಂಬಾ ಸಂಡಿಗೆ! ಒಂದು ಹಿಂದಿನ ಹೆಂಚಿನ ಮನೆಯ ಗಂಗರತ್ನಮ್ಮನದು, ಸಂಡಿಗೆ ಒಣಗಿಸಲು ಅವರಿಗೂ ಇದೇ ತಾರಸಿ; ಆಕೆಯೋ ಗಾಂಧಿ ಬಜಾರಿಗೆ ಹೋಗಿದ್ದರು. ಆ ಗಾಳಿಯಲ್ಲಿ ಒಂದನ್ನು ಸುತ್ತಿಕೊಳ್ಳುವುದೇ ಕಷ್ಟ. ಹೆಂಡತಿಗೆ ಫೋನ್ ಹಚ್ಚಿದರು. ಆ ಕಡೆ ವಾಲಗ ಮೊಳಗುತ್ತಿತ್ತು.

"ಯಾವ್ ಸೀರೆ ಕಣೇ? ಬೇಗ ಹೇಳು!"

"ಥೂ! ಈ ವಯಸ್ಸಲ್ಲಿ ಫೋನ್ ಮಾಡಿ ಯಾವ್ ಸೀರೆ ಉಟ್ಟಿದೀಯಾ ಅಂತ ಕೇಳ್ತೀರಲ್ಲಾ, ಬೀಗಿತ್ತಿ ಪಕ್ಕದಲ್ಲೇ ಕೂತಿದಾರ್ರೀ!" ಫೋನ್ ಕಟ್ಟಾಯಿತು.

ಒಂದು ಬಣ್ಣಗೆಟ್ಟ ನೀಲಿ ಸೀರೆ. ಇನ್ನೊಂದು ಮಾವಿನಕಾಯಿ ಅಂಚಿನ ಹಸಿರು. ಮದುವೆಯ ಬೆಳ್ಳಿಹಬ್ಬಕ್ಕೆ ಅಯ್ಯನವರು ಚಿಕ್ಕಪೇಟೆಯಲ್ಲಿ ತಾವೇ ಆರಿಸಿ ತಂದ ಸೀರೆಯ ತದ್ರೂಪು! ಆದರೆ ಅದು ಬೀರುವಿನಲ್ಲಿ ನುಸಿಗುಳಿಗೆಯ ನಡುವೆ ಭದ್ರವಾಗಿದೆ. ಉಟ್ಟರೆ ಹಾಳಾಗುತ್ತದೆಂದು ಗುರುಬಸಮ್ಮ ಒಮ್ಮೆಯೂ ಉಟ್ಟಿಲ್ಲ. ಅಂಥದ್ದನ್ನು ಸಂಡಿಗೆಗೆ ಹಾಸುತ್ತಾಳೆಯೇ? ಅಂಗಡಿ ಯಾವುದೆಂದು ಅಂದು ವಿಚಾರಿಸಿದ್ದ ಗಂಗರತ್ನಮ್ಮನೂ ಒಂದು ತಂದಿರಬೇಕು. ಅಯ್ಯನವರು ನೀಲಿಯನ್ನು ಕೂಸಿನಂತೆ ಅವಚಿಕೊಂಡು ಇಳಿದರು.

ಮಳೆ ನಿಂತಾಗ ಮನೋಹರನ ಸ್ಕೂಟರಿನ ಮೇಲೆ ಹೊಂಗೆಯ ಕೊಂಬೆ ಮಲಗಿತ್ತು. "ರೇಡಾರ್ ಏನಂತಪ್ಪಾ?" ಎಂದು ಕೇಳಿದರೆ ಅವನು ಫೋನ್ ಜೇಬಿಗಿಳಿಸಿ ಕೊಂಬೆ ಎಳೆಯತೊಡಗಿದ. ಅಷ್ಟರಲ್ಲಿ ಹೆಂಗಸರಿಬ್ಬರೂ ಒಟ್ಟಿಗೇ ಗೇಟು ದಾಟಿ ಬಂದರು.

"ಅಯ್ಯೋ ಮಲ್ಲಣ್ಣ!" ಜಗಲಿಯ ಮೇಲಿದ್ದ ನೀಲಿ ಗಂಟು ಕಂಡು ಗಂಗರತ್ನಮ್ಮನ ಕಣ್ಣು ತುಂಬಿತು. "ನಿಮ್ದು ಬಿಟ್ಟು ನನ್ ಸಂಡಿಗೆ ಉಳಿಸಿದ್ರಾ! ಇಂಥಾ ಮನಸ್ಸು ಯಾರಿಗಿರುತ್ತೆ?"

ಗುರುಬಸಮ್ಮ ಗಂಡನನ್ನೊಮ್ಮೆ ನೋಡಿ ತಾರಸಿಗೆ ಹೋದರು. ಇಳಿದು ಬಂದಾಗ ಕೈಯಲ್ಲಿದ್ದ ಹಸಿರು ಸೀರೆಯಿಂದ ಗಂಜಿ ತೊಟ್ಟಿಕ್ಕುತ್ತಿತ್ತು.

"ಅದು... ನಾನ್ ತಂದಿದ್ದ ಸೀರೆ ಅಲ್ವೇನೇ?" ಅಯ್ಯನವರು ಅಂಚು ಹಿಡಿದು ನೋಡಿದರು. "ಬೀರುನಲ್ಲಿತ್ತಲ್ಲಾ?"

"ಇತ್ತು. ಬಣ್ಣ ಹೋದ್ರೂ ಹೊಟ್ಟೆ ಉರಿಯಲ್ಲ ಅನ್ನೋ ಸೀರೆ ನನ್ನತ್ರ ಅದೊಂದೇ ಇದ್ದಿದ್ದು!"

ಅಷ್ಟು ಮಳೆ, ಆಲಿಕಲ್ಲಿಗೂ ಸೀರೆಯ ಬಣ್ಣ ಒಂದಿಷ್ಟೂ ಹೋಗಿರಲಿಲ್ಲ. ಅದನ್ನು ಹೇಳುವ ಧೈರ್ಯ ಮಾತ್ರ ಮಲ್ಲಿಕಾರ್ಜುನಯ್ಯನವರಿಗೆ ಬರಲಿಲ್ಲ.