ಸಾಹೇಬರ ಸಬ್‌ಮರೀನಿಗೆ ಬೆಲ್ಲದ ಗಾರೆ

ಭರಮಪ್ಪನ ಕಷ್ಟಕ್ಕೆಲ್ಲ ಮೂಲ ಅವನ 'ಹೂಂ ರಿ'.

"ಈ ಸಬ್‌ಮರೀನಿನ್ಯಾಗ ಬ್ಯಾಟರಿ ಕುಂದರಸೋ ಮಣಿ ಒಡದೈತಿ. ನಿನಗ ಇಂಥಾ ಕೆಲಸಾ ಬರತೈತೇನು?" ಎಂದು ಆಣೆಕಟ್ಟಿನ ಎಂಜಿನಿಯರ್ ಸಾಹೇಬರು ಕೇಳಿದ್ದರು.

"ಹೂಂ ರಿ."

"ನಾಳೆ ನಾಕ ಗಂಟೇಕ್ಕ ನೀರಿಗೆ ಬಿಡಬೇಕು."

"ಹೂಂ ರಿ."

ಆಣೆಕಟ್ಟಿನ ವರ್ಕ್‌ಶಾಪಿಗೆ ಬಂದು ಎಂಟು ವರ್ಷವಾಗಿತ್ತು. ಸಾಹೇಬರೆದುರು ಅವನ ಬಾಯಿಂದ ಬೇರೆ ಮಾತು ಹೊರಟಿರಲಿಲ್ಲ.

ಸಾಹೇಬರ ಸಬ್‌ಮರೀನ್ ಎಂದರೆ ಮೂರು ಅಡಿ ಉದ್ದದ ಬೋರ್‌ವೆಲ್ ಪೈಪು. ಅದಕ್ಕೆ ಕರಿ ಬಣ್ಣ ಬಳಿದು, ಒಳಗೆ ಮೋಟರು, ಬ್ಯಾಟರಿ, ಪುಣೆಯಿಂದ ತರಿಸಿದ ರೇಡಿಯೋ ಕೂರಿಸಿದ್ದರು. ದಂಡೆಯಲ್ಲಿ ನಿಂತು ಕೈಯಲ್ಲಿನ ಪೆಟ್ಟಿಗೆಯ ಗುಂಡಿ ಒತ್ತಿದರೆ ಅದು ಕಾಲೊನಿಯ ಹೊಂಡದಲ್ಲಿ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಎಲ್ಲವನ್ನೂ ಮಾಡುತ್ತಿತ್ತು, ಮುಳುಗುತ್ತಿರಲಿಲ್ಲ. ಎರಡು ವರ್ಷದಿಂದ ಎಮ್ಮೆಯ ಹಾಗೆ ಬೆನ್ನು ತೋರಿಸಿಕೊಂಡೇ ಓಡಾಡುತ್ತಿತ್ತು. ಇದನ್ನು ಸಾಹೇಬರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಭರಮಪ್ಪನಿಗಂತೂ ಹೆದರಲು ಬೇರೆ ಕಾರಣವೇ ಇತ್ತು. ಬೈಲಹೊಂಗಲದ ಆಫೀಸಿಗೆ ಅವನ ವರ್ಗಾವಣೆಯ ಕಾಗದ ತಯಾರಾಗಿತ್ತು. ಸಾಹೇಬರ ಸಹಿಯೊಂದು ಬಾಕಿ. ಆ ಆಫೀಸಿನಲ್ಲಿ ನೀರೆಂದರೆ ಬಾಗಿಲ ಬಳಿಯ ಕೊಡದಲ್ಲಿ ಇರುವಷ್ಟೇ. ಹುಟ್ಟೂರು ಸಂಗೊಳ್ಳಿಯಲ್ಲಿ ಏಳು ವರ್ಷದವನಿದ್ದಾಗ ಭರಮಪ್ಪ ಬಾವಿಗೆ ಬಿದ್ದಿದ್ದ. ಹಗ್ಗ ಕಟ್ಟಿ ಎತ್ತಿದ್ದರು. ಅವನು ಮೇಲೆ ಬಂದ, ಹೆದರಿಕೆ ಅಲ್ಲೇ ತಳದಲ್ಲಿ ಉಳಿಯಲಿಲ್ಲ, ಅವನ ಜೊತೆಗೇ ಬಂತು. ಪ್ರತಿ ಮಳೆಗಾಲ ಆಣೆಕಟ್ಟಿನ ಗೇಟಿನ ಮೇಲೆ ಡ್ಯೂಟಿ ಬಿದ್ದಾಗ ಕಂಬಿ ಹಿಡಿದ ಅವನ ಕೈಯನ್ನು ಬಿಡಿಸಲು ಇಬ್ಬರು ಬೇಕಾಗುತ್ತಿತ್ತು.

"ನಾಳೆ ಸಬ್‌ಮರೀನ್ ಬಿಟ್ಟ ಮ್ಯಾಲ ಸಾಹೇಬ್ರ ಮಾರಿ ನೋಡಿ ಕಾಗದ ಇಡತೇನಿ, ಭರಮಪ್ಪಣ್ಣಾ," ಎಂದಳು ಟೈಪಿಸ್ಟ್ ನಾಗರತ್ನಾ. "ನಗಾಕತ್ತಿದ್ರ ಸಹಿ ಆತು ಅನ್ನು. ಸಿಟ್ಟಿನ್ಯಾಗಿದ್ರ ಈ ಮಳಿಗಾಲಾನೂ ನಿನಗ ಗೇಟ."

ಮರುದಿನ ಮುಂಜಾನೆ ಎಂಟಕ್ಕೆ ಕೆಲಸ ಶುರುವಾಯಿತು. ಹಳೆಯ ಪ್ಲೈವುಡ್ ಮಣೆ ನೀರು ಕುಡಿದು ಹಪ್ಪಳದಂತೆ ಉಬ್ಬಿ ಒಡೆದಿತ್ತು. ಕಟ್ಟಿಗೆ ಬೇಡವೆಂದು ತೀರ್ಮಾನಿಸುವಷ್ಟರಲ್ಲಿ ವೆಲ್ಡರ್ ಗಂಗಪ್ಪ ಬಂದ.

"ತಗಡಿಂದ ಮಾಡಿಕೊಡತೇನಿ ತಗೋ. ನಿನ್ನ ಮೊಮ್ಮಗನ ಕಾಲಕ್ಕೂ ಹಂಗ ಇರತೈತಿ."

ತಗಡಿನ ಮಣೆ ಸಿದ್ಧವಾಯಿತು. ಗುಂಡಿ ಒತ್ತಿದರೆ ಸಬ್‌ಮರೀನ್ ಉಸಿರೆತ್ತಲಿಲ್ಲ. ರೇಡಿಯೋದ ತಂತಿ ತಗಡಿಗೆ ತಾಕುತ್ತಿತ್ತು. ಭರಮಪ್ಪ ಬೆವರುತ್ತ ಅದನ್ನು ಕಿತ್ತು ಹಾಕಿ, ತನ್ನ ಬಲಗಾಲಿನ ಹವಾಯಿ ಚಪ್ಪಲಿಯನ್ನೇ ಕೊಯ್ದು ರಬ್ಬರಿನ ಮಣೆ ಮಾಡಿದ. ಮೋಟರು ತಿರುಗಿದ್ದೇ ಇಡೀ ಪೈಪು ಚಳಿಜ್ವರ ಬಂದವರಂತೆ ನಡುಗತೊಡಗಿತು. ಆಮೇಲೆ ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿ. ಅದು ಮೋಟರಿನ ಕಾವಿಗೆ ಮೆತ್ತಗಾಗಿ ಬಾಗಿತು.

ಹನ್ನೊಂದಾಯಿತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ತಲೆ ಮೇಲೆ ಕೈಹೊತ್ತು ಕುಳಿತವನ ಮುಂದೆ ಗೌಂಡಿ ಸೋಮಪ್ಪ ಬಂದು ನಿಂತ. ಕೋಟೆಯ ಊರು ತೊರಗಲ್ಲಿನವನು.

"ನಮ್ಮೂರ ಕೋಟಿ ಎದರಿಂದ ಕಟ್ಯಾರ ಗೊತ್ತೈತೇನ್ಲೇ? ಸುಣ್ಣ, ಉಸುಕು, ಬೆಲ್ಲ. ತೋಪಿನ ಗುಂಡ ಬಡದ್ರೂ ಅಳ್ಳಾಡಂಗಿಲ್ಲ. ನಿನ್ನ ಬ್ಯಾಟರಿ ಯಾ ಲೆಕ್ಕ?"

"ಒಣಗಾಕ ಎಷ್ಟ ಹೊತ್ತ ಬೇಕೋ ಮಾರಾಯಾ?"

"ಕೋಟಿ ಕಟ್ಟಿದವ್ರು ಅವಸರಾ ಮಾಡಲಿಲ್ಲ ನೋಡು."

"ಅವರಿಗೆ ನಾಕ ಗಂಟೇಕ್ಕ ಸಾಹೇಬ್ರು ಬರತಿರಲಿಲ್ಲ."

ಬೇರೆ ದಾರಿಯೂ ಇರಲಿಲ್ಲ. ಊರಿಂದ ತಾಯಿ ಕಳಿಸಿದ್ದ ಬೆಲ್ಲದ ಪೆಂಟೆ ಭರಮಪ್ಪನ ಚೀಲದಲ್ಲೇ ಇತ್ತು. ಸೋಮಪ್ಪ ಅದನ್ನು ಕುಟ್ಟಿ, ಕರಗಿಸಿ, ಗಾರೆ ಕಲಸಿದ. ಬ್ಯಾಟರಿಗೆ ಹಾಲಿನ ಪಾಕೀಟು ಸುತ್ತಿ ಪೈಪಿನ ನಡುವೆ ಗಾರೆಯಲ್ಲಿ ಹೂತರು. ಮೂರೂವರೆಗೆ ಭರಮಪ್ಪ ಬೆರಳಿಟ್ಟು ನೋಡಿದ. ಬೆರಳು ಹೋಳಿಗೆಯ ಹೂರಣಕ್ಕೆ ಇಳಿದ ಹಾಗೆ ಇಳಿಯಿತು. ಹೊರಗೆ ಸಾಹೇಬರ ದನಿ ಕೇಳಿಸಿತು. ಮುಚ್ಚಳ ತಿರುಗಿಸಿಬಿಟ್ಟ.

ಹೊಂಡದ ದಂಡೆಯಲ್ಲಿ ಆಫೀಸಿಗೆ ಆಫೀಸೇ ನಿಂತಿತ್ತು. ಹೊಂಡ ಎರಡಾಳು ಆಳ. ಸಾಹೇಬರು ಗುಂಡಿ ಒತ್ತಿದರು. ಸಬ್‌ಮರೀನ್ ಗಕ್ಕನೆ ಮುಂದಕ್ಕೆ ಜಿಗಿಯಿತು. ಒಳಗೆ 'ಗುಳುಕ್' ಎಂದದ್ದು ಭರಮಪ್ಪನೊಬ್ಬನಿಗೇ ಕೇಳಿಸಿತು. ಬ್ಯಾಟರಿ ಹಸಿ ಗಾರೆಯಲ್ಲಿ ಜಾರಿ ಮೂತಿಯ ಕಡೆ ಹೋಗಿತ್ತು.

ಮೂತಿ ಬಾಗಿತು. ಬಾಲ ಮೇಲೆದ್ದಿತು. ನೀರು ಅದರ ಮೇಲೆ ಮುಚ್ಚಿಕೊಂಡಿತು.

ನೀರಿನ ಮೇಲೆ ಎರಡು ಗುಳ್ಳೆ ಬಂದು ಒಡೆದವು. ಸಾಹೇಬರ ಮುಖ ಸುಣ್ಣದಂತಾಯಿತು. ಭರಮಪ್ಪನ ಕಣ್ಣ ಮುಂದೆ ಗೇಟು ಬಂತು, ಮಳೆ ಬಂತು, ಸಂಗೊಳ್ಳಿಯ ಬಾವಿ ಬಂತು.

"ಅಂಗಿ ಕಳದಿಡೋ," ಎಂದು ಗಂಗಪ್ಪ ಕಿವಿಯಲ್ಲಿ ಉಸುರಿದ. "ಒಳಗಿಳದು ತರಾಕ ನಿನಗ ಹೇಳತಾರ."

ಭರಮಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಉಳಿದಿದ್ದ ಒಂದು ಚಪ್ಪಲಿಯೂ ಕೆಸರಿನಲ್ಲಿ ಸಿಕ್ಕಿಕೊಂಡಿತು.

ಸಾಹೇಬರು ಗಾಬರಿಯಲ್ಲಿ ಹಿಂದಕ್ಕೆ ಬರುವ ಗುಂಡಿಯನ್ನು ಒತ್ತಿ ಹಿಡಿದರು. ನೀರಿನಡಿ ಬ್ಯಾಟರಿ ಬಾಲದ ಕಡೆ ಜಾರಿರಬೇಕು. ಹೊಂಡದ ನಡುವೆ ಕರಿ ಮೂತಿಯೊಂದು ಮೇಲೆದ್ದು ಆಕಾಶ ನೋಡಿತು.

ಸಾಹೇಬರು ಮತ್ತೆ ಮುಂದಕ್ಕೆ ಒತ್ತಿದರು. ಮುಳುಗಿತು. ಹಿಂದಕ್ಕೆ ಒತ್ತಿದರು. ಎದ್ದಿತು. ಅವರು ಬಂದು ಭರಮಪ್ಪನ ಭುಜ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಎರಡ ವರ್ಷ ತಲಿ ಕೆಡಿಸಿಕೊಂಡಿನ್ಯೋ! ವಜನ ಮುಂದ ಸರದ್ರ ಮುಳಗತೈತಿ, ಹಿಂದ ಸರದ್ರ ಏಳತೈತಿ. ಸರಿಯೋ ಮಣಿ! ಇದನ್ನ ಬೇಕಂತನ ಹಿಂಗ ಮಾಡೀಯೇನು?"

"ಹೂಂ ರಿ."

ಸಾಹೇಬರ ಮುಖ ನೋಡಿ ನಾಗರತ್ನಾ ಓಡಿಬಂದು ಕಾಗದ ಹಿಡಿದಳು. ಸಾಹೇಬರು ಪೆನ್ನು ತೆಗೆದರು, ಕಾಗದ ಓದಿದರು, ಭರಮಪ್ಪನನ್ನು ನೋಡಿದರು. ಪೆನ್ನನ್ನು ಜೇಬಿಗಿಟ್ಟು ಕಾಗದವನ್ನು ನಾಲ್ಕಾಗಿ ಹರಿದರು.

"ಇಂಥಾವನ್ನ ಬೈಲಹೊಂಗಲಕ್ಕ ಕಳಿಸಿ ಫೈಲ ಕಟ್ಟಸೂಣೇನು? ನಾ ಇರೂತನಕಾ ನೀ ಇಲ್ಲೇ. ನಾಳೆ ಮುಂಜಾನೆ ಚೀಫ್ ಸಾಹೇಬ್ರು ಬರಾಕತ್ತಾರ. ಅವರ ಮುಂದ ಈ ಹೊಂಡದಾಗ ಬ್ಯಾಡ, ಡ್ಯಾಮಿನ ನೀರಿನ್ಯಾಗ ಬಿಡೂಣು. ನೀನೂ ನನ್ನ ಜೋಡಿ ದೋಣ್ಯಾಗ ಕುಂದರು. ಆತೇನು?"

ಭರಮಪ್ಪ ದಂಡೆಯಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಆದರೂ ಆ ಎರಡು ಅಕ್ಷರ ಹೊರಬಂದವು.

ನೀರು ಬಸಿಯಲಿ ಎಂದು ಅವನು ಸಬ್‌ಮರೀನನ್ನು ಮೂತಿ ಕೆಳಗಾಗಿ ವರ್ಕ್‌ಶಾಪಿನ ಗೋಡೆಗೆ ಒರಗಿಸಿ ಮನೆಗೆ ಹೋದ.

ಮರುದಿನ ಮುಂಜಾನೆ ಮುಚ್ಚಳ ತೆಗೆದ. ಬ್ಯಾಟರಿ ಮೂತಿಯಲ್ಲಿತ್ತು. ಹಿಂದಕ್ಕೆ ತಳ್ಳಿದ, ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ, ಟಣ್ ಎಂದಿತು. ಸುತ್ತಿಗೆಯಿಂದ ಹೊಡೆದ, ಸುತ್ತಿಗೆಯೇ ಹಿಂದೆ ಬಂತು.

"ಹಿಡೀತೇನು?" ಸೋಮಪ್ಪ ಹಿಂದಿನಿಂದ ಇಣುಕಿ ಮೀಸೆಯಲ್ಲಿ ನಕ್ಕ. "ನೀ ಭಾಳ ಹೆದರಿದ್ದಿ ಅಂತ ನಿನಗ ಹೇಳದನ ಎರಡ ಮುಟಿಗಿ ಸಿಮೆಂಟ ಕಲಸಿದ್ದೆ. ಬೆಲ್ಲ ಇದ್ರ ಸಿಮೆಂಟ ತಡಾ ಮಾಡಿ ಹಿಡೀತೈತಿ. ಹಿಡೀತಂದ್ರ ಮಾತ್ರ ಬಿಡೂದಿಲ್ಲ. ಹೇಳಿದ್ನಿಲ್ಲ, ತೊರಗಲ್ ಕೋಟಿ!"

ಹೊರಗೆ ಎರಡು ಜೀಪು ಬಂದು ನಿಂತವು.

"ಭರಮಪ್ಪಾ, ಇವತ್ತೂ ಮುಳಗತೈತೆಲ್ಲೋ?" ಸಾಹೇಬರು ಕೂಗಿದರು.

ಮುಳುಗುವುದರಲ್ಲಿ ಭರಮಪ್ಪನಿಗೆ ಸಂಶಯವೇ ಇರಲಿಲ್ಲ. ಮೇಲೇಳುವ ಮಾತನ್ನು ಸಾಹೇಬರು ಕೇಳಿರಲಿಲ್ಲ.

"ಹೂಂ ರಿ," ಎಂದ.