ಜೆಪಿಜಿಯ ಜನ್ಮವೈರಿ

ನನ್ನ ಭಾವನಿಗೆ ಈ ಲೋಕದಲ್ಲಿ ಇಬ್ಬರೇ ಶತ್ರುಗಳು. ಒಂದು ಜೇನುಹುಳ, ಇನ್ನೊಂದು ಕಂಪ್ಯೂಟರಿನ ಜೆಪಿಜಿ ಚಿತ್ರ. ಮೊದಲನೆಯದನ್ನು ಕಂಡರೆ ಓಡುತ್ತಾರೆ, ಎರಡನೆಯದನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತಾರೆ! ಇಂಥವರಿಗೆ ವಜ್ರಳ್ಳಿಯ ಆಸುಪಾಸಿನಲ್ಲೆಲ್ಲ ಜೇನು ಸಾಕಣೆಗೆ ಹೆಸರಾದ ನನ್ನ ಅಕ್ಕನೇ ಹೆಂಡತಿಯಾಗಿ ಸಿಕ್ಕಿದ್ದಕ್ಕೆ ಏನು ಹೇಳೋಣ? ಜಾತಕ ನೋಡಿದ ಪುರೋಹಿತರು ಆ ದಿನ ಕನ್ನಡಕ ಮರೆತು ಬಂದಿದ್ದರೋ ಏನೋ.

ಅಕ್ಕ ಮೂವತ್ತು ವರ್ಷ ಬರಿಗೈಯಲ್ಲಿ ಜೇನುಪೆಟ್ಟಿಗೆ ತೆರೆದವಳು. ಎರಡು ವರ್ಷಗಳಿಂದ ಅವಳ ಕೈ ನಡುಗುತ್ತಿದೆ. ಲೋಟ ಹಿಡಿದರೆ ಚಹಾ ತುಳುಕುತ್ತದೆ. ಇನ್ನು ಹುಳ ತುಂಬಿದ ಚೌಕಟ್ಟನ್ನು ಪೆಟ್ಟಿಗೆಯಿಂದ ಎತ್ತುವ ಮಾತೇ ಇಲ್ಲ, ಕೈ ಅಲುಗಿದರೆ ಹುಳ ಸಿಟ್ಟಾಗುತ್ತವೆ. ಯಲ್ಲಾಪುರದಲ್ಲಿ ಹೆಂಗಸರಿಗೆ ಜೇನು ತರಬೇತಿ ಮಾಡಿಕೊಡಿ ಎಂದು ಸಂಘವೊಂದರವರು ಕೇಳಲು ಬಂದಾಗ, "ಕೈಯಲ್ಲಿ ಹಿಡ್ದು ತೋರ್ಸಲೆ ಆಗ್ತಿಲ್ಲೆ. ಇನ್ನು ಆನು ಎಂತ ಕಲಿಸ್ತೆ?" ಎಂದು ಎದ್ದು ಒಳಗೆ ಹೋದಳಂತೆ.

"ಹಂಗಾರೆ ಪುಸ್ತಕ ಮಾಡನ. ನೀನು ಹೇಳು, ಆನು ಚಿತ್ರ ಬರೀತೆ" ಎಂದರಂತೆ ಭಾವ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮನುಷ್ಯ, ಅದುವರೆಗೆ ವೃತ್ತ, ತ್ರಿಕೋನ ಬಿಟ್ಟು ಇನ್ನೇನನ್ನೂ ಬರೆದವರಲ್ಲ! ಲ್ಯಾಪ್‌ಟಾಪಿಗೆ ಚಿತ್ರ ಬಿಡಿಸುವ ತಂತ್ರಾಂಶ ಹಾಕಿಸಿಕೊಂಡು ಕೂತೇಬಿಟ್ಟರು. ಚಿತ್ರಗಳನ್ನೂ ಅಕ್ಕನ ಮಾತುಗಳನ್ನೂ ವರ್ಡ್ ಫೈಲಿನಲ್ಲಿ ಜೋಡಿಸುವ ಕೆಲಸ, ಶಿರಸಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನ್ನ ತಲೆಗೆ ಬಂತು. ತರಬೇತಿಗೆ ಎರಡೇ ತಿಂಗಳಿತ್ತು. ಪುಸ್ತಕ ಆದರೆ ಅಕ್ಕ ಕಲಿಸುತ್ತಾಳೆ, ಆಗದಿದ್ದರೆ ಅವಳ ಮೂವತ್ತು ವರ್ಷದ ವಿದ್ಯೆ ಅವಳಲ್ಲೇ ಉಳಿಯುತ್ತದೆ.

ಮೊದಲ ಚಿತ್ರ ವಾಟ್ಸಪ್ಪಿನಲ್ಲಿ ಬಂತು. ಲ್ಯಾಪ್‌ಟಾಪಿನ ಪರದೆಗೆ ಮೊಬೈಲು ಹಿಡಿದು ಹೊಡೆದ ಫೋಟೋ! ರಾಣಿಹುಳದ ಹೊಟ್ಟೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು, ರೆಕ್ಕೆಯ ಪಕ್ಕದಲ್ಲಿ ಭಾವನ ಮೂಗು ಕಾಣುತ್ತಿತ್ತು.

"ಭಾವ, ಫೋಟೋ ಹೊಡೆಯದಲ್ಲ. ಅದ್ರಲ್ಲೇ ಎಕ್ಸ್‌ಪೋರ್ಟ್ ಹೇಳಿ ಇದ್ದು, ಅದನ್ನ ಒತ್ತವು" ಎಂದು ಫೋನು ಮಾಡಿದೆ.

"ಎಕ್ಸ್‌ಪೋರ್ಟ್ ಮಾಡಲೆ ಇದೆಂತ ಕಾಳುಮೆಣಸನೋ ಮಾರಾಯ?"

ಅಂತೂ ಒತ್ತಿದರು. ಜೆಪಿಜಿ ಬಂತು. ಪುಟಕ್ಕೆ ತಕ್ಕಂತೆ ದೊಡ್ಡದು ಮಾಡಿ ಮುದ್ರಿಸಿದರೆ ರಾಣಿಹುಳದ ಬೆನ್ನಿಗೆ ಯಾರೋ ಮೆಟ್ಟಿಲು ಕಟ್ಟಿಸಿದ ಹಾಗಿತ್ತು. ಭಾವನ ಮುಖ ಕೆಂಪಾಯಿತು. ಒಂದು ವಾರ ಹುಡುಕಾಡಿ, ಕೇಳಾಡಿ ಸತ್ಯ ಕಂಡುಕೊಂಡರು: ಜೆಪಿಜಿ ಎಂದರೆ ಬರೀ ಚುಕ್ಕಿಗಳ ಗುಂಪು, ಎಳೆದರೆ ಚುಕ್ಕಿಗಳು ದಪ್ಪವಾಗಿ ಗೆರೆ ಒಡೆಯುತ್ತದೆ. ಗೆರೆಯನ್ನು ಗೆರೆಯಾಗಿಯೇ ಕಳಿಸುವ ಬೇರೆ ಬಗೆಯ ಫೈಲುಗಳಿವೆ, ಅವನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ.

ಅಂದಿನಿಂದ ಶುರುವಾಯಿತು ನೋಡಿ ಧರ್ಮಪ್ರಚಾರ! ಬಸ್ಸಿನ ಕಂಡಕ್ಟರನಿಗೆ ಹೇಳಿದರು. ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವನನ್ನು ನಿಲ್ಲಿಸಿಕೊಂಡು ಹೇಳಿದರು. ಸಿದ್ದಾಪುರದಲ್ಲಿ ನೆಂಟರೊಬ್ಬರ ವೈಕುಂಠ ಸಮಾರಾಧನೆಗೆ ಹೋದಾಗ, ಹಾರ ಹಾಕಿದ ಫೋಟೋದ ಮುಂದೆ ಕಾಲು ಗಂಟೆ ಮೌನವಾಗಿ ನಿಂತರು. ಇವರಿಗೆ ಎಷ್ಟು ಬೇಜಾರಾಗಿದೆಯಲ್ಲ ಎಂದು ತೀರಿಕೊಂಡವರ ಮಗ ಹತ್ತಿರ ಬಂದ. ಭಾವ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ತಮಾ, ಇದು ವಾಟ್ಸಪ್ಪಿಂದ ತೆಗೆದ ಫೋಟೋ ಅಲ್ದನ? ಕಿವಿ ಹತ್ರ ಒಡದು ಹೋಯ್ದು!"

ನಾನು ಅಲ್ಲಿಂದ ಊಟದ ಪಂಕ್ತಿಗೆ ಓಡಿದೆ.

ಗೆರೆ ಚಿತ್ರ ಬಂದರೂ ಕಷ್ಟ ತಪ್ಪಲಿಲ್ಲ. ಅವರು ಬಳಸಿದ ಕನ್ನಡ ಫಾಂಟು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. 'ರಾಣಿ', 'ಗಂಡುನೊಣ' ಎಂದೆಲ್ಲ ಬರೆದಿದ್ದ ಕಡೆ ಖಾಲಿ ಚೌಕಗಳು ಸಾಲಾಗಿ ಕೂತಿದ್ದವು. ನಾನಾದರೋ ಕೈಬಿಟ್ಟೆ. ಭಾವ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಫೋನು ಬಂತು: "ಗೆದ್ದೆ! ಅಕ್ಷರಾನೂ ಗೆರೆ ಮಾಡಿ ಕಳ್ಸಿದ್ದೆ, ನೋಡು!" ನೋಡಿದೆ. ಒಂದೊಂದು ಒತ್ತಕ್ಷರವೂ ಕೆತ್ತಿಟ್ಟ ಹಾಗಿತ್ತು. ಪೇಸ್ಟು ತುಂಬಿದ ಬಾಯಲ್ಲೇ ಶಹಬ್ಬಾಸ್ ಎಂದೆ.

ಮುಂದಿನ ಅನಾಹುತ ನನ್ನದೇ. ಚೌಕಟ್ಟಿನ ಚಿತ್ರವನ್ನು ಭಾವ ನಿಜವಾದ ಅಳತೆಯಲ್ಲೇ ಬರೆದಿದ್ದರು, ಸಣ್ಣ ಚೌಕಟ್ಟು, ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಪಕ್ಕದಲ್ಲಿ ಜಾಗ ಖಾಲಿ ಉಳಿಯಿತಲ್ಲ ಎಂದು ನಾನು ಚಿತ್ರದ ಪಕ್ಕೆ ಹಿಡಿದು ಚೂರು ಎಳೆದೆ. ನೋಡಲು ಚಂದವಾಗಿತ್ತು. ಪುಸ್ತಕ ನೋಡಿ ಚೌಕಟ್ಟು ಮಾಡಲು ಬರುತ್ತದೋ ಎಂದು ಪರೀಕ್ಷಿಸಲು ಆ ಹಾಳೆ ಮಾಗೋಡಿನ ಕಡೆಯ ಬಡಗಿಗೆ ಹೋಯಿತು. ಅವನ ಅಳತೆಪಟ್ಟಿ ಕಿಸೆಯಿಂದ ಹೊರಗೆ ಬರುವುದೇ ಅಪರೂಪ. ಹಾಳೆಯಿಂದ ಚಿತ್ರ ಕತ್ತರಿಸಿ ಹಲಗೆಯ ಮೇಲಿಟ್ಟು, ಸುತ್ತ ಪೆನ್ಸಿಲು ಎಳೆದು ಕೊಯ್ಯುವುದು ಅವನ ಕ್ರಮ. ಕೊಯ್ದ. ಒಂದು ಚೌಕಟ್ಟೂ ಅಕ್ಕನ ಪೆಟ್ಟಿಗೆಯೊಳಗೆ ಇಳಿಯಲಿಲ್ಲ!

"ನಂದೇನು ತಪ್ಪು? ಕಾಗದ ಹೆಂಗಿತ್ತೋ ಹಂಗೇ ಕೊಯ್ದಿದೀನಿ" ಎಂದ ಬಡಗಿ.

ಭಾವ ನೇರ ನನ್ನ ಅಂಗಡಿಗೆ ಬಂದರು. "ಚಿತ್ರದ ಪಕ್ಕೆ ಹಿಡ್ದು ಎಳದ್ದು ಯಾರು?"

"ಪುಟ ತುಂಬಿದ್ರೆ ಚಂದ ಕಾಣ್ತು ಹೇಳಿ..."

"ಚಂದ! ಜೇನುಹುಳ ಚಂದ ನೋಡ್ತಿಲ್ಲೆ, ಅಳತೆ ನೋಡ್ತು!"

ಗಿರಾಕಿಗಳ ಮುಂದೆ ಮರ್ಯಾದೆ ಹೋಯಿತು, ನಿಜ. ಆದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಲ್ಲೇ ಕೂತು ಚಿತ್ರದ ಕೆಳಗೂ ಬದಿಗೂ ಒಂದೊಂದು ಗೆರೆ ಸೇರಿಸಿ, 'ಈ ಗೆರೆಗಳು ಹತ್ತತ್ತು ಸೆಂಟಿಮೀಟರ್ ಇಲ್ಲದಿದ್ದರೆ ಮರ ಕೊಯ್ಯಬೇಡಿ' ಎಂದು ಬರೆದರು. ಬಡಗಿ ಈ ಸಲ ಅಳತೆಪಟ್ಟಿಯನ್ನು ಹೊರತೆಗೆಯಲೇಬೇಕಾಯಿತು. ಹೊಸ ಚೌಕಟ್ಟು ಟಕ್ಕನೆ ಒಳಗೆ ಕೂತಿತು. ಹದಿನೈದು ದಿನದಲ್ಲಿ ಹುಳಗಳು ಅದರಲ್ಲಿ ಮೇಣದ ಎರಿ ಕಟ್ಟಲು ಶುರುಮಾಡಿದವು. ಭಾವ ಹತ್ತು ಮಾರು ದೂರದಿಂದಲೇ ಅವಕ್ಕೆ ಕೈಮುಗಿದರು.

ತರಬೇತಿಯ ದಿನ ಸಭಾಂಗಣದ ತುಂಬ ಹೆಂಗಸರು. ಎಲ್ಲರ ಕೈಯಲ್ಲೂ ಪುಸ್ತಕ. ಅಕ್ಕ ಕುರ್ಚಿಯಲ್ಲಿ ಕೂತು ಹೇಳಿದಳು, ಭಾವ ಗೋಡೆಯ ಮೇಲೆ ಚಿತ್ರ ಬಿಟ್ಟರು. ಬನವಾಸಿ ಕಡೆಯವಳೊಬ್ಬಳು ಎದ್ದು, "ಸರ, ಹುಳದ ಕಾಲು ಸ್ವಲ್ಪ ದೊಡ್ಡದು ಮಾಡಿ ತೋರಸ್ರಿ" ಎಂದಳು. ಇದಕ್ಕಲ್ಲವೇ ಭಾವ ಎರಡು ತಿಂಗಳಿಂದ ಕಾದಿದ್ದು! ದೊಡ್ಡದು ಮಾಡಿದರು. ಇನ್ನೂ ಮಾಡಿದರು. ಒಂದೇ ಒಂದು ಕಾಲು ಇಡೀ ಗೋಡೆ ತುಂಬಿತು, ಒಂದು ಕೂದಲಿನ ಅಂಚೂ ಒಡೆಯಲಿಲ್ಲ. ಸಭೆ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ನಾನೇ.

ಕೊನೆಯ ಪುಟವನ್ನು ನಾನೂ ನೋಡಿರಲಿಲ್ಲ. ಭಾವ ಅದನ್ನು ಖಾಲಿ ಬಿಡಲು ಹೇಳಿ, ಫೈಲು ಒಯ್ದು, ತಾವೇ ಚಿತ್ರ ಸೇರಿಸಿ ಅಚ್ಚು ಹಾಕಿಸಿದ್ದರು. ಅಕ್ಕ ಆ ಹಾಳೆ ತಿರುವಿದಳು. ಚೌಕಟ್ಟನ್ನು ಎತ್ತಿ ಹಿಡಿದ ಎರಡು ಕೈಗಳು. ಕಿರುಬೆರಳು ಮಾತ್ರ ಚೂರು ಮೇಲೆ. ಹಾಗೆ ಹಿಡಿಯುವವಳು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬಳೇ.

"ನನ್ನ ಕೈ ನಡುಗ್ತು ಅಲ್ದ" ಎಂದಳು ಅಕ್ಕ, ಮೆಲ್ಲಗೆ.

"ಇದು ನಡುಗ್ತಿಲ್ಲೆ. ಎಷ್ಟು ದೊಡ್ಡ ಮಾಡಿದ್ರೂ ನಡುಗ್ತಿಲ್ಲೆ" ಎಂದರು ಭಾವ.

ಅಕ್ಕ ಪುಸ್ತಕವನ್ನು ಎತ್ತಿ ಹೆಂಗಸರ ಕಡೆ ತಿರುಗಿಸಿದಳು. ಪುಸ್ತಕ ಅಲುಗುತ್ತಿತ್ತು. ಅವಳ ದನಿ ಅಲುಗಲಿಲ್ಲ.

"ಚೌಕಟ್ಟು ಹೀಗೆ ಹಿಡೀಬೇಕು, ನೋಡಿ. ಇದು ನನ್ನ ಕೈ."